ಕಾವ್ಯದ ಬೇಟೆಯೂ ಬೇಟೆಗಾರನ ತಪ್ಪೂ

ನಮ್ಮ ಹಳೆಯ ಕಾವ್ಯಗಳನ್ನು ಓದುವವರಲ್ಲಿ ಬೇಟೆಯ ಭಾಗ ಬಂದೊಡನೆ ಹಾಳೆ ತಿರುವಿ ಮುಂದಕ್ಕೆ ಸಾಗುವವರೇ ಹೆಚ್ಚು. ಬಲೆಗಳ ಬಗೆ, ನಾಯಿಗಳ ಹೆಸರು, ಬೇಡರ ಉಡಿಗೆತೊಡಿಗೆ, ಬಿದ್ದ ಮೃಗಗಳ ಎಣಿಕೆ, ಇವೆಲ್ಲ ಒಂದರ ಮೇಲೊಂದು ಬರುವಾಗ, ಲಾಕ್ಷಣಿಕರು ವಿಧಿಸಿದ ಹದಿನೆಂಟು ವರ್ಣನೆಗಳ ಸಾಲವನ್ನು ಕವಿಯು ತೀರಿಸುತ್ತಿರುವನೆಂದು ವಾಚಕರು ತಿಳಿಯುವರು. ಈ ತಿಳಿವಳಿಕೆಯು ಅರ್ಧ ಮಾತ್ರ ನಿಜವಾದುದು. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ಬೇಕೆಂದು ಹೇಳಿದ ವರ್ಣನೆಗಳನ್ನು ಬೆರಳು ಮಡಿಚಿ ಎಣಿಸಿ ನೋಡಬೇಕು. ಅಲ್ಲಿ ನಗರವಿದೆ, ಸಮುದ್ರವಿದೆ, ಪರ್ವತವಿದೆ, ಋತುಗಳೂ ಚಂದ್ರೋದಯವೂ ಜಲಕ್ರೀಡೆಯೂ ಮದ್ಯಪಾನವೂ ಇವೆ, ದೂತನೂ ಯುದ್ಧವೂ ಇವೆ, ಬೇಟೆಯಿಲ್ಲ. ಮೃಗಯೆಯನ್ನು ಹೆಸರಿಟ್ಟು ಹೇಳುವ ಸಾಹಿತ್ಯದರ್ಪಣದ ವಿಶ್ವನಾಥನು 14ನೆಯ ಶತಮಾನದವನು. ಪಂಪ, ಜನ್ನ, ರಾಘವಾಂಕ ಇವರೆಲ್ಲರೂ ಅವನಿಗಿಂತ ಹಿಂದಿನವರು. ಆದುದರಿಂದ ನಮ್ಮ ಕವಿಗಳು ಬೇಟೆಯನ್ನು ತಂದುದು ಕೇವಲ ಶಾಸ್ತ್ರದ ಭಯದಿಂದ ಎನ್ನಲು ಬರುವಂತಿಲ್ಲ. ಅವರಿಗೆ ಅದರಿಂದ ಏನೋ ಒಂದು ಬೇಕಾಗಿದ್ದಿತು.

ಆ ಬೇಕಾದುದು ಬೇಟೆಗಾರನ ತಪ್ಪು ಎಂಬುದು ನನ್ನ ಅಭಿಪ್ರಾಯವು. ಗುರಿಯಿಟ್ಟ ಬಾಣವೆಲ್ಲ ನಾಟಿ, ಬೆನ್ನಟ್ಟಿದ ಮಿಗವೆಲ್ಲ ಬಿದ್ದು, ಅರಸನು ಬೆವರೊರಸಿಕೊಂಡು ಅರಮನೆಗೆ ಮರಳಿದರೆ ಅಲ್ಲಿ ವರ್ಣನೆಯುಂಟು, ಕಥೆಯಿಲ್ಲ. ಬಾಣವು ತಪ್ಪಿದಲ್ಲಿ, ಇಲ್ಲವೆ ನಾಟಬಾರದಲ್ಲಿ ನಾಟಿದಲ್ಲಿ, ಕಾವ್ಯವು ಉಸಿರೆಳೆದುಕೊಂಡು ಏಳುತ್ತದೆ. ಇನ್ನೂ ವಿಚಿತ್ರವಾದ ಸಂಗತಿಯೇನೆಂದರೆ, ಇಂಥ ತಪ್ಪುಗಳು ದೈವಿಕವಾದವೂ ಅಲ್ಲ, ಗಹನವಾದವೂ ಅಲ್ಲ. ಮೊದಲ ಬಾರಿಗೆ ಬಿಲ್ಲನ್ನೋ ಕೋವಿಯನ್ನೋ ಹಿಡಿದು ಹೊರಟ ಎಳೆಯನಿಗೆ ಅನುಭವಿಯಾದ ಬೇಡನು ಮೊದಲ ದಿನವೇ ಹೇಳಿಕೊಡುವ ಪಾಠಗಳನ್ನು ಮರೆತುದರಿಂದ ಆದವು.

ತಪ್ಪಿಲ್ಲದ ಬೇಟೆ ಹೇಗಿರುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ನಡುವೆ ಮೃಗಯಾವಿನೋದವನ್ನೂ ವಿವರಿಸಿದ್ದಾನೆ. ಪಳಗಿಸಿದ ಹುಲ್ಲೆಯನ್ನು ಮುಂದೆ ಬಿಟ್ಟು ಕಾಡಿನ ಹುಲ್ಲೆಗಳನ್ನು ಹತ್ತಿರಕ್ಕೆ ಬರಮಾಡಿಕೊಳ್ಳುವುದು, ಮರೆಯಲ್ಲಿ ನಿಂತು ಹೊಡೆಯುವುದು, ಚಿರತೆಯ ಜಾತಿಯ ಮೃಗವನ್ನು ಸಾಕಿ ಛೂಬಿಡುವುದು ಮೊದಲಾದ ಕ್ರಮಗಳು ಅಲ್ಲಿ ಬರುತ್ತವೆ. ಕನ್ನಡದಲ್ಲಿ ಇಂಥ ಮೋಸದ ಮೃಗಕ್ಕೆ ದೀವವೆಂದು ಹೆಸರು. ಇಂದಿನ ವಿಜಯಪುರ ಜಿಲ್ಲೆಯ ನೆಲವೆಲ್ಲ ಅಂದು ಆ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದುದರಿಂದ ಅವನು ಕಂಡ ಹುಲ್ಲೆಗಳು ನಮ್ಮವೇ ಎಂದು ಅಭಿಮಾನಪಡಲು ಅಡ್ಡಿಯಿಲ್ಲ. ಗ್ರಂಥವು ಜ್ಞಾನದ ಗಣಿಯೆಂಬುದು ನಿರ್ವಿವಾದವು. ಆದರೆ ಅದರಲ್ಲಿ ಅರಸನ ಗುರಿ ತಪ್ಪುವುದೇ ಇಲ್ಲ. ಗ್ರಂಥಕರ್ತನೂ ಅರಸನೂ ಒಬ್ಬನೇ ಆದ ಮೇಲೆ ಬೇರೇನನ್ನು ನಿರೀಕ್ಷಿಸುವುದು? ಪಂಪನು ವಿಕ್ರಮಾರ್ಜುನ ವಿಜಯದ ಐದನೆಯ ಆಶ್ವಾಸದಲ್ಲಿ ಹೇಳುವ ಅರ್ಜುನನ ಬೇಟೆಯೂ ಇದೇ ಜಾತಿಯದು. ಬೇಟೆಯ ಪರಿಭಾಷೆಯನ್ನು ಅವನು ಬೇಡರ ಬಾಯಿಂದಲೇ ಕೇಳಿರಬೇಕು, ಅಷ್ಟು ನಿಖರವಾಗಿದೆ. ಆದರೂ ಅಲ್ಲಿ ಬಿಲ್ಲು ಹಿಡಿದವನು ಅರ್ಜುನ, ಅರ್ಜುನನ ಹಿಂದೆ ನಿಂತವನು ಆಶ್ರಯದಾತನಾದ ಅರಿಕೇಸರಿ. ತಪ್ಪಲು ಎಡೆಯೆಲ್ಲಿ?

ಅದೇ ಪಂಪನು ಪಾಂಡುವಿನ ಬೇಟೆಯನ್ನು ಹೇಳುವಾಗ ಬೇರೆಯೇ ಕವಿಯಾಗುವನು. ಅದನ್ನು ನೋಡುವ ಮೊದಲು ದಶರಥನ ಮಾತನ್ನು ಎತ್ತಬೇಕಾಗಿದೆ. ಏಕೆಂದರೆ ನಿಜವಾದ ಅರ್ಥದಲ್ಲಿ ಹೊಸ ಬೇಟೆಗಾರನೆಂದರೆ ಅವನೇ. ತೊರವೆಯ ನರಹರಿಯು ರಾಮಾಯಣವನ್ನು ಕನ್ನಡಿಸಿದ ನೆಲದವರಾದ ನಮಗೆ ಆ ಕಥೆಯನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಆದರೆ ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಅದು ಬಂದಿರುವ ರೀತಿಯನ್ನು ಗಮನಿಸಬೇಕು. ರಾಮನು ಕಾಡಿಗೆ ಹೋಗಿ ಐದಾರು ದಿನಗಳಾದ ಮೇಲೆ, ನಡುರಾತ್ರಿಯಲ್ಲಿ, ಮುದುಕನಾದ ಅರಸನು ಕೌಸಲ್ಯೆಗೆ ತನ್ನ ಯೌವನದ ಒಂದು ರಾತ್ರಿಯನ್ನು ಹೇಳುತ್ತಾನೆ. ಆಗ ಅವನಿಗೆ ಮದುವೆಯಾಗಿರಲಿಲ್ಲ, ಯುವರಾಜನಾಗಿದ್ದನು. ಸದ್ದನ್ನು ಕೇಳಿಯೇ ಗುರಿ ಹೊಡೆಯುವ ಹುಡುಗನೆಂದು ಊರೆಲ್ಲ ಹೊಗಳುತ್ತಿದ್ದಿತು. ಮಳೆಗಾಲ. ನೀರಿಗಿಳಿಯುವ ಕಾಡೆಮ್ಮೆಯನ್ನೋ ಆನೆಯನ್ನೋ ಇನ್ನಾವ ಮೃಗವನ್ನೋ ಹೊಡೆಯಬೇಕೆಂದು ಸರಯೂ ನದಿಯ ದಡದಲ್ಲಿ ಕತ್ತಲೆಯಲ್ಲಿ ಕಾದಿದ್ದನು. ಕೊಡಕ್ಕೆ ನೀರು ತುಂಬುವ ಸದ್ದು ಆನೆಯು ನೀರು ಕುಡಿಯುವ ಸದ್ದಿನಂತೆ ಕೇಳಿತು. ಬಾಣವನ್ನು ಬಿಟ್ಟನು. ಕೇಳಿದುದು ಮನುಷ್ಯನ ಕೂಗು. (ಆ ಮುನಿಕುಮಾರನಿಗೆ ಶ್ರವಣನೆಂಬ ಹೆಸರನ್ನು ವಾಲ್ಮೀಕಿಯು ಇಟ್ಟಿಲ್ಲ, ಅದು ಮುಂದಿನವರ ಕೊಡುಗೆ.)

ಕಣ್ಣಿಗೆ ಕಾಣದುದನ್ನು ಹೊಡೆಯಬಾರದು: ಬೇಟೆಯ ವಿದ್ಯೆಯಲ್ಲಿ ಇದಕ್ಕಿಂತ ಮೊದಲಿನ ಪಾಠವಿಲ್ಲ. ಪೊದೆ ಅಲುಗಿದರೆ ಅದು ಹುಲ್ಲೆಯೇ ಆಗಬೇಕೆಂದಿಲ್ಲ, ಸೌದೆ ಆರಿಸುವ ಮುದುಕಿಯೂ ಆಗಬಹುದು. ಆದರೆ ವಾಲ್ಮೀಕಿಯ ಪ್ರತಿಭೆಯಿರುವುದು ಈ ಪಾಠವನ್ನು ಹೇಳಿದುದರಲ್ಲಲ್ಲ. ದಶರಥನು ತಪ್ಪಿದುದು ಅಜ್ಞಾನದಿಂದಲ್ಲ, ಕೌಶಲದಿಂದ. ಸದ್ದಿಗೆ ಗುರಿಯಿಡಲು ಬಾರದವನು ಆ ರಾತ್ರಿ ಸುಮ್ಮನೆ ಮನೆಗೆ ಹೋಗುತ್ತಿದ್ದನು. ಹೊಸದಾಗಿ ಕೈಗೆ ಹತ್ತಿದ ವಿದ್ಯೆಯನ್ನು ಪರೀಕ್ಷಿಸಿ ನೋಡುವ ಆತುರ, ಜನರ ಹೊಗಳಿಕೆಯನ್ನು ಇನ್ನೊಮ್ಮೆ ನಿಜಮಾಡುವ ಹಂಬಲ, ಇವು ಬೇಟೆಗಾರನಲ್ಲಿ ಮಾತ್ರವಲ್ಲದೆ ಹೊಸ ಕವಿಯಲ್ಲಿಯೂ ಹೊಸ ವೈದ್ಯನಲ್ಲಿಯೂ ಕಾಣುವಂಥವು. ಬಾಣವು ಎಷ್ಟು ಚೆನ್ನಾಗಿ ನಾಟಿತೋ ಅಷ್ಟೇ ಅನರ್ಥವಾಯಿತು. ಗುರಿ ತಪ್ಪದಿರುವುದೇ ತಪ್ಪಾದ ಇಂಥ ಸನ್ನಿವೇಶವನ್ನು ಸಂಧಿಸಿದ ಕವಿಯು, ಅದನ್ನು ನಡೆದ ಕಾಲದಲ್ಲಿ ಹೇಳದೆ ಒಂದು ಆಯುಷ್ಯದಷ್ಟು ಹಿಂದಕ್ಕೆ ತಳ್ಳಿ, ಸಾಯುವವನ ಬಾಯಲ್ಲಿ ಇಟ್ಟಿರುವನು. ಹುಡುಗತನದ ತಪ್ಪಿಗೆ ಮುಪ್ಪಿನಲ್ಲಿ ಬಾಯಿ ಬರುತ್ತದೆ.

ಪಾಂಡುವಿನದು ಇದಕ್ಕೆ ತದ್ವಿರುದ್ಧವಾದ ತಪ್ಪು. ಅವನು ಕತ್ತಲಲ್ಲಿರಲಿಲ್ಲ, ಎಲ್ಲವನ್ನೂ ಸ್ಪಷ್ಟವಾಗಿ ಕಂಡೇ ಹೊಡೆದನು. ಕೂಡಿದ್ದ ಎರಡು ಹುಲ್ಲೆಗಳು ಅವನ ಕಣ್ಣೆದುರಿಗೆ ನಿಂತಿದ್ದವು. ಗಂಡು ಹುಲ್ಲೆಯ ರೂಪದಲ್ಲಿದ್ದವನು ಕಿಂದಮನೆಂಬ ಮುನಿ. ಮೂಲಭಾರತದ ಆದಿಪರ್ವದಲ್ಲಿ ಬಾಣ ತಗುಲಿದ ಹುಲ್ಲೆಗೂ ಅರಸನಿಗೂ ನಡೆಯುವ ವಾದವು ಬಹಳ ಬೆಲೆಯುಳ್ಳದ್ದು. ಮೃಗಗಳನ್ನು ಕೊಲ್ಲುವುದು ಕ್ಷತ್ರಿಯನ ಧರ್ಮವಲ್ಲವೆ, ಅಗಸ್ತ್ಯನಂಥ ಋಷಿಯೇ ಬೇಟೆಯಾಡಲಿಲ್ಲವೆ ಎಂದು ಪಾಂಡುವು ವಕೀಲನಂತೆ ಮಾತಾಡುವನು. ಅದಕ್ಕೆ ಕಿಂದಮನು ಕೊಡುವ ಉತ್ತರವು ಅಹಿಂಸೆಯ ಉಪದೇಶವಲ್ಲ. ಕೊಂದೆಯೆಂದು ನಾನು ನಿನ್ನನ್ನು ದೂರುವುದಿಲ್ಲ, ತುಸು ಹೊತ್ತು ಕಾಯಬೇಕಾಗಿತ್ತು ಎಂಬುದೇ ಅವನ ಮಾತಿನ ತಿರುಳು. ಒಬ್ಬ ಬೇಟೆಗಾರನು ಇನ್ನೊಬ್ಬನನ್ನು ಬಯ್ಯುವ ರೀತಿಯಿದು. ತಾಳ್ಮೆಯಿಲ್ಲದವನು ಸಿಕ್ಕ ಮೊದಲ ಅವಕಾಶವನ್ನೇ ಕೊನೆಯ ಅವಕಾಶವೆಂದು ತಿಳಿಯುತ್ತಾನೆ. ಎದುರಿಗೆ ನಿಂತಿದೆ, ಈಗ ಬಿಟ್ಟರೆ ಇನ್ನೆಂದಿಲ್ಲ ಎಂದು ಅವನ ಕೈ ತವಕಿಸುತ್ತದೆ. ಎರೆಯ ಬಯಲಲ್ಲಿ ಚಿಗರಿಯ ಹಿಂಡನ್ನು ಕಂಡವರಿಗೆ ಇದು ತಿಳಿಯದ ಮಾತಲ್ಲ. ಮರೆಗೆ ಒಂದು ಗಿಡವೂ ಇಲ್ಲದ ಆ ನೆಲದಲ್ಲಿ, ತನ್ನ ಎಲ್ಲೆಯನ್ನು ಕಾಯುತ್ತ ಹೆಣ್ಣುಗಳ ನಡುವೆ ಮೂಗೆತ್ತಿ ನಡೆಯುವ ಕಪ್ಪು ಗಂಡು ಚಿಗರಿಯು ಮೈಮರೆಯುವುದು ಆ ಒಂದು ಕಾಲದಲ್ಲಿ ಮಾತ್ರ. ಉಳಿದ ಸಮಯದಲ್ಲಿ ಗಾಳಿಯು ನಮ್ಮ ಕಡೆಯಿಂದ ಅದರ ಕಡೆಗೆ ತುಸು ತಿರುಗಿದರೂ ಸಾಕು, ಹಿಂಡು ಹಿಂಡೇ ನೆಗೆದು ಕಣ್ಮರೆಯಾಗುವುದು. ಮೈಮರೆತ ಮೃಗವು ಸುಲಭದ ಗುರಿಯೆಂಬುದು ನಿಜ. ಸುಲಭವಾದುದರಿಂದಲೇ ಅದು ಅಪಾತ್ರವಾದ ಗುರಿಯೆಂಬುದನ್ನು ಕಿಂದಮನು ಸಾಯುತ್ತ ಕಲಿಸಿದನು.

ಶಾಪವು ತಪ್ಪಿಗೆ ಎಷ್ಟು ಸರಿಸಮನಾಗಿದೆ ನೋಡಬೇಕು. ಕಾಯಲಾರದವನಿಗೆ ಆಯುಷ್ಯವೆಲ್ಲ ಕಾಯುವ ಶಿಕ್ಷೆ. ಕೊನೆಗೆ ಮಾದ್ರಿಯ ಬಳಿ ಒಂದು ವಸಂತದಲ್ಲಿ ಅವನು ಮತ್ತೆ ಕಾಯಲಾರದೆ ಹೋದನು. ಪಂಪನು ಈ ಎರಡು ಘಟನೆಗಳನ್ನು ಮೊದಲನೆಯ, ಎರಡನೆಯ ಆಶ್ವಾಸಗಳಲ್ಲಿ ಒಂದಕ್ಕೊಂದು ದೂರವಾಗದಂತೆ ಇಟ್ಟು, ವಸಂತದ ಸೊಬಗನ್ನೇ ಬೇಟೆಗಾರನನ್ನಾಗಿ ಮಾಡಿರುವನು. ಅರ್ಜುನನ ಬೇಟೆಯಲ್ಲಿ ಎಷ್ಟೋ ಮೃಗಗಳು ಬಿದ್ದರೂ ಒಂದೂ ನೆನಪಿನಲ್ಲುಳಿಯುವುದಿಲ್ಲ. ಪಾಂಡುವಿನ ಬೇಟೆಯಲ್ಲಿ ಬಿದ್ದ ಒಂದೇ ಹುಲ್ಲೆಯು ಇಡೀ ಭಾರತವನ್ನು ಹೊತ್ತಿದೆ.

ಪರೀಕ್ಷಿತನ ಕಥೆಯನ್ನು ಬೇಗನೆ ಮುಗಿಸಬಹುದು. ಅವನು ಎಳೆಯನಲ್ಲ, ಭಾರತದ ಲೆಕ್ಕದಂತೆ ಅರುವತ್ತು ವರ್ಷದವನು. ಅವನ ಬಾಣ ತಗುಲಿದ ಮೃಗವು ಅದುವರೆಗೆ ಎಂದೂ ತಪ್ಪಿಸಿಕೊಂಡಿರಲಿಲ್ಲವಂತೆ. ಆ ದಿನ ತಪ್ಪಿಸಿಕೊಂಡಿತು. ಗಾಯಗೊಂಡ ಹುಲ್ಲೆಯ ಹಿಂದೆ ಕೂಡಲೇ ಓಡಬಾರದು, ಓಡಿದಷ್ಟೂ ಅದು ದೂರ ಹೋಗುವುದು. ಒಂದೆಡೆ ಕುಳಿತು ಹೊತ್ತು ಕಳೆಯಬೇಕು, ಆಮೇಲೆ ನೆತ್ತರ ಹನಿಗಳನ್ನು ಹುಡುಕುತ್ತ ಹೋದರೆ ಅದು ಹತ್ತಿರದಲ್ಲೇ ಮಲಗಿರುವುದು ಎಂಬುದು ಬೇಡರ ಮಕ್ಕಳಿಗೂ ತಿಳಿದ ಮಾತು. ಮುದಿ ಅರಸನು ಹಸಿವು ಬಾಯಾರಿಕೆಗಳಿಂದ ಕಂಗೆಟ್ಟು ಒಬ್ಬನೇ ಓಡಿದನು, ಮೌನವ್ರತದಲ್ಲಿದ್ದ ಶಮೀಕನನ್ನು ಕೇಳಿದನು, ಉತ್ತರ ಬಾರದುದಕ್ಕೆ ಸತ್ತ ಹಾವನ್ನು ಅವನ ಹೆಗಲ ಮೇಲೆ ಇಟ್ಟನು. ಅರುವತ್ತು ವರ್ಷ ಗುರಿ ತಪ್ಪದವನು ಮೊದಲನೆಯ ಬಾರಿ ತಪ್ಪಿದಾಗ ಎಳೆಯನಿಗಿಂತ ಎಳೆಯನಾದನು. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯ ಯಶೋಮತಿಯು ಇದೇ ಬಳಗದವನು. ಬೇಟೆ ಕೆಟ್ಟುದಕ್ಕೆ ಸುದತ್ತಮುನಿಯ ದರ್ಶನವೇ ಕಾರಣವೆಂದು ಮುನಿಯ ಮೇಲೆ ನಾಯಿಗಳನ್ನು ಛೂಬಿಡುತ್ತಾನೆ. ಅವು ಮುನಿಗೆ ಬಲಬಂದು ತಲೆಬಾಗುತ್ತವೆ. ಬರಿಗೈಯಲ್ಲಿ ಮರಳುವ ಬೇಟೆಗಾರನ ಸಿಟ್ಟಿಗಿಂತ ಅವನ ನಾಯಿಗಳ ತಿಳಿವು ಮಿಗಿಲೆಂದು ಜನ್ನನು ಒಂದೆರಡು ಪದ್ಯಗಳಲ್ಲಿ ತೋರಿಸಿಬಿಟ್ಟಿರುವನು. ಜೈನಕವಿಯು ಬೇಟೆಯನ್ನು ನಿಂದಿಸಲು ದೀರ್ಘವಾದ ಉಪದೇಶವನ್ನೇ ಮಾಡಬಹುದಾಗಿತ್ತು. ನಾಯಿಗಳ ಕೈಯಲ್ಲಿ ಆ ಕೆಲಸ ಮಾಡಿಸಿದುದು ಅವನ ಹಿರಿಮೆ.

ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಬರುವುದು ಹುಲ್ಲೆಯಲ್ಲ, ಹಂದಿ. ಆದರೂ ನಮ್ಮ ವಿಷಯಕ್ಕೆ ಅದು ತೀರ ಹತ್ತಿರದ್ದು. ಇಲ್ಲಿ ಅರಸನು ವಿನೋದಕ್ಕಾಗಿ ಹೊರಟವನಲ್ಲ. ವಿಶ್ವಾಮಿತ್ರನು ಸೃಷ್ಟಿಸಿದ ಮೃಗಪಕ್ಷಿಗಳು ಬೆಳೆಯನ್ನು ಹಾಳುಮಾಡಲು, ಒಕ್ಕಲಿಗರು ಬಂದು ಮೊರೆಯಿಟ್ಟಿದ್ದಾರೆ. ಸಿಂದಗಿಯ ಕಡೆಗೆ ಕನ್ನೊಳ್ಳಿಯಂಥ ಊರುಗಳಲ್ಲಿ ಜೋಳದ ಹೊಲವನ್ನು ನೆಚ್ಚಿ ಬಾಳುವ ಮನೆಗಳವರು ಈ ಮೊರೆಯನ್ನು ವರ್ಣನೆಯೆಂದು ಓದಲಾರರು. ಬೇಟೆಯು ಇಲ್ಲಿ ಆಳುವವನ ಕರ್ತವ್ಯವು. ವಿಶ್ವಾಮಿತ್ರನ ಆಶ್ರಮದ ಕಡೆಗೆ ಮಾತ್ರ ಹೋಗಬೇಡವೆಂದು ವಸಿಷ್ಠನು ಎಚ್ಚರಿಸಿಯೂ ಇದ್ದನು. ಆದರೆ ಬೆನ್ನಟ್ಟುವವನಿಗೆ ಎಲ್ಲೆಯ ನೆನಪಿರುವುದುಂಟೆ? ಗಾಯಗೊಂಡ ಮಾಯೆಯ ಹಂದಿ ಮುಂದೆ, ಅರಸನು ಹಿಂದೆ. ನಿಂತು ನೋಡಿದಾಗ ಹೋಗಬಾರದ ನೆಲದಲ್ಲಿಯೇ ಇದ್ದನು. ಮುಂದೆ ಬಂದ ರಾಜ್ಯತ್ಯಾಗ, ಪತ್ನೀಪುತ್ರರ ಮಾರಾಟ, ಸುಡುಗಾಡಿನ ಕಾವಲು ಇವೆಲ್ಲಕ್ಕೂ ಬಾಗಿಲು ತೆರೆದುದು ಈ ಓಟವೇ. ಸತ್ಯಕ್ಕೆ ತಪ್ಪದವನೆಂದು ಮೂರು ಲೋಕದ ಮುಂದೆ ನಿಲ್ಲಿಸಬೇಕಾದವನನ್ನು ರಾಘವಾಂಕನು ಮೊದಲು ಒಂದು ಸಣ್ಣ ತಪ್ಪಿಗೆ ಒಳಪಡಿಸಿರುವನು. ಈ ಬೇಟೆಯ ಭಾಗವು ದೀರ್ಘವಾಯಿತೆಂದು ಆಕ್ಷೇಪಿಸುವವರು ಅದನ್ನು ತೆಗೆದು ಓದಿ ನೋಡಲಿ. ಹರಿಶ್ಚಂದ್ರನು ಆಗ ಮನುಷ್ಯನಾಗಿ ಉಳಿಯುವುದಿಲ್ಲ, ಸತ್ಯದ ಬೊಂಬೆಯಾಗುವನು. ಹೊನ್ನಿನ ಜಿಂಕೆಯ ಬೆನ್ನುಹತ್ತಿ ಆಶ್ರಮದಿಂದ ದೂರವಾದ ರಾಮನ ವಿಷಯದಲ್ಲಿಯೂ ಇದೇ ಮಾತು ಸಲ್ಲುವುದು. ಅದು ಮಾರೀಚನಿರಬೇಕೆಂದು ಲಕ್ಷ್ಮಣನು ಹೇಳಿಯೇ ಇದ್ದನು.

ಈ ದೃಷ್ಟಿಯಿಂದ ಇತ್ತೀಚಿನ ಗದ್ಯವನ್ನು ನೋಡಿದರೆ ನಮ್ಮ ಅಳತೆಗೋಲು ಅಲ್ಲಿಯೂ ಸರಿಹೊಂದುತ್ತದೆ. 1933ರಲ್ಲಿ ಬಂದ ಕುವೆಂಪು ಅವರ ಮಲೆನಾಡಿನ ಚಿತ್ರಗಳಲ್ಲಿ ಬೇಟೆಯೆಂದರೆ ಶೌರ್ಯದ ಪ್ರದರ್ಶನವಲ್ಲ. ಮಾತುಗಾರಿಕೆ, ಗಾಬರಿ, ನಗೆ, ಕಾಡಿನ ಭಯ ಇವುಗಳ ಮಿಶ್ರಣವು. ದಕ್ಷಿಣ ಕನ್ನಡದ ಕೆದಂಬಾಡಿ ಜತ್ತಪ್ಪ ರೈಗಳ ಬೇಟೆಯ ನೆನಪುಗಳು ಎಂಬ ಪುಸ್ತಕವು ಬೇಟೆಯನ್ನು ಸ್ವತಃ ಬಲ್ಲ ಕೃಷಿಕನ ಬರವಣಿಗೆಯಾದುದರಿಂದ ಅದಕ್ಕೆ ಬೇರೊಂದು ತೂಕವಿದೆ. ಕೆನೆತ್ ಆಂಡರ್ಸನ್ನನ ಬೇಟೆಯ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕತೆಗಳೆಂದು ಕನ್ನಡಕ್ಕೆ ತಂದಾಗ ಮನೆಮನೆಗಳಲ್ಲಿ ಹುಡುಗರು ಅವನ್ನು ಹಿಡಿದು ಕುಳಿತರು. ಅವು ಹುಲಿ ಚಿರತೆಗಳ ಕಥೆಗಳು. ಆದರೆ ಅವುಗಳಲ್ಲಿ ಎಷ್ಟೋ ಕಥೆಗಳ ಬೀಜವು ಯಾರೋ ಒಬ್ಬ ಆತುರಗಾರನು ಗಾಯಮಾಡಿ ಬಿಟ್ಟುಹೋದ ಮೃಗದಲ್ಲಿರುವುದನ್ನು ಗಮನಿಸಬಹುದು. ಇವಲ್ಲದೆ ಬ್ರಿಟಿಷರ ಕಾಲದ ದೊರೆಗಳು ಇಂಗ್ಲಿಷಿನಲ್ಲಿ ಬರೆದ ಶಿಕಾರಿಯ ಪುಸ್ತಕಗಳೂ ಹೇರಳವಾಗಿವೆ. ಕೊಂಬಿನ ಅಂಗುಲಗಳನ್ನು ಎಣಿಸುವ ಪುಟಗಳು ಮಾನಸೋಲ್ಲಾಸದಂತೆಯೇ ನಿರ್ಜೀವ; ಗುಂಡು ಹಾರದೆ ಹೋದ ಬೆಳಗನ್ನು ಹೇಳುವ ಪುಟಗಳು ಇಂದಿಗೂ ಓದಿಸಿಕೊಳ್ಳುತ್ತವೆ.

ಇಷ್ಟು ಹೊಗಳಿದ ಮೇಲೆ ನಮ್ಮ ಕವಿಗಳ ಮೇಲೆ ಒಂದು ದೂರನ್ನೂ ಹೇಳಬೇಕಾಗಿದೆ. ತಪ್ಪುವವನ ಮಾತನ್ನು ಅವರು ಕೇಳಿದರು, ತಪ್ಪದವನನ್ನು ಮಾತಾಡಗೊಡಲಿಲ್ಲ. ಹೆಜ್ಜೆಯ ಜಾಡು ಹಿಡಿಯುವವನು, ಗಾಳಿಯನ್ನು ಅರಿತವನು, ಬಲೆಯನ್ನು ಎಲ್ಲಿ ಒಡ್ಡಬೇಕೆಂದು ತಿಳಿದವನು ಬೇಡನೇ. ಅವನಿಗೆ ಕಾವ್ಯದಲ್ಲಿ ದೊರೆತುದು ಮೆರವಣಿಗೆಯ ಸ್ಥಾನ. ಹರಿಹರನ ಕಣ್ಣಪ್ಪನೊಬ್ಬನನ್ನು ಬಿಟ್ಟರೆ ಹೆಸರು ನಿಲ್ಲುವ ಬೇಡರು ವಿರಳ, ಅವನೂ ನಿಂತುದು ಭಕ್ತಿಯಿಂದ. ಕಾವ್ಯದ ಹೊರಗೂ ನ್ಯಾಯವು ಇದೇ ರೀತಿಯದು. ನಮ್ಮ ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳೆಂಬ ಜನರುಂಟು. ಹರಿಣದ ಬೇಟೆಯೇ ಅವರ ಹೆಸರಾಗಿದೆ. ಉರುಲೊಡ್ಡಿ ಮೃಗಪಕ್ಷಿಗಳನ್ನು ಹಿಡಿಯುವುದು ಅವರ ವಂಶದ ವಿದ್ಯೆಯಾಗಿದ್ದಿತು. ದೊರೆಗಳೂ ಸಂಸ್ಥಾನಿಕರೂ ಚಿಗರಿಗಳನ್ನು ಹೊಡೆದು ಅದರ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿಯೇ, 1871ರಲ್ಲಿ ಹುಟ್ಟಿ 1911ರಲ್ಲಿ ಎಲ್ಲೆಡೆಗೆ ಹಬ್ಬಿದ ಅಪರಾಧಿ ಜನಾಂಗಗಳ ಕಾಯಿದೆಯು ಮುಂಬಯಿ ಪ್ರಾಂತದಲ್ಲಿ ಇವರನ್ನು ಹುಟ್ಟಿನಿಂದಲೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿತು. ಆ ಕಾಯಿದೆಯು 1952ರ ಹೊತ್ತಿಗೆ ದೇಶದಲ್ಲೆಲ್ಲ ರದ್ದಾಯಿತು. ಒಂದೇ ಮೃಗ, ಒಂದೇ ಬಯಲು. ಒಬ್ಬನಿಗೆ ಅದು ವಿನೋದ, ಇನ್ನೊಬ್ಬನಿಗೆ ಕಳಂಕ. ಪಾಂಡುವಿನ ತಪ್ಪಿನ ಮೇಲೆ ಮಹಾಕಾವ್ಯವನ್ನು ಕಟ್ಟಿದ ಭಾಷೆಯಲ್ಲಿ, ಉರುಲೊಡ್ಡಿ ತಾಳ್ಮೆಯಿಂದ ಕುಳಿತವನ ಕಾದಿರುವಿಕೆಯನ್ನು ಹಾಡಿದ ಒಂದು ಪ್ರೌಢಕಾವ್ಯವೂ ಇಲ್ಲದಿರುವುದು ಕೊರತೆಯೇ ಸರಿ.

ಈಗ ಬೇಟೆಯು ಪುಸ್ತಕದಲ್ಲಿ ಮಾತ್ರ ಉಳಿದಿದೆ, ಉಳಿಯತಕ್ಕದ್ದೂ ಅಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಗರಿಯನ್ನು ತನ್ನ ಮೊದಲನೆಯ ಅನುಸೂಚಿಯಲ್ಲಿ ಇಟ್ಟು ಕಾಪಾಡಿದೆ. ರಾಣೆಬೆನ್ನೂರಿನ ಬಳಿ ಅದಕ್ಕಾಗಿ 1974ರಲ್ಲಿ ಅಭಯಾರಣ್ಯವೂ ಆಯಿತು. ಹೊಲದ ಬೆಳೆಗಾಗಿ ಮೊರೆಯಿಡುವ ಒಕ್ಕಲಿಗನಿಗೆ ಹರಿಶ್ಚಂದ್ರನಂತೆ ಬಿಲ್ಲು ಹಿಡಿದು ಬರುವವರಿಲ್ಲ, ಬರಲೂ ಕೂಡದು. ಅವನ ಮೊರೆಗೆ ಬೇರೆ ಉಪಾಯಗಳನ್ನು ಹುಡುಕಬೇಕಾಗಿದೆ. ಬಿಲ್ಲು ಕೋವಿಗಳು ಕೆಳಗಿಳಿದ ಕಾಲದಲ್ಲಿ ಬೇಟೆಯ ಭಾಗಗಳನ್ನು ಓದುವುದೇಕೆಂದು ಕೇಳುವವರಿಗೆ ವ್ಯಾಸಭಾರತದ ವನಪರ್ವದ ಒಂದು ಚಿಕ್ಕ ಪ್ರಸಂಗವನ್ನು ತೋರಿಸಬೇಕೆನ್ನಿಸುತ್ತದೆ. ಘೋಷಯಾತ್ರೆಯ ಗದ್ದಲ ಮುಗಿದ ಮೇಲೆ ಅದು ಬರುವುದರಿಂದ ಬಹುಮಂದಿಯ ಕಣ್ಣಿಗೆ ಬೀಳುವುದಿಲ್ಲ.

ಪಾಂಡವರು ದ್ವೈತವನದಲ್ಲಿದ್ದಾರೆ. ಪಾಂಡುವಿನ ಮಕ್ಕಳಾದ ಇವರೂ ಬೇಟೆಯಿಂದಲೇ ಬಾಳುತ್ತಿದ್ದಾರೆ. ಅವರ ಬಾಣಗಳು ತಪ್ಪುವುದಿಲ್ಲ. ಒಂದು ರಾತ್ರಿ ಧರ್ಮರಾಜನ ಕನಸಿನಲ್ಲಿ ಜಿಂಕೆಗಳು ಬಂದು ಕೈಜೋಡಿಸಿ, ನಡುಗುತ್ತ, ಕಣ್ಣೀರು ತುಂಬಿ ನಿಲ್ಲುತ್ತವೆ. ಯಾರು ನೀವೆಂದು ಅವನು ಕೇಳಿದುದಕ್ಕೆ, ಕೊಂದು ಉಳಿದ ಮೃಗಗಳು ನಾವು, ನಮ್ಮ ಕುಲಕ್ಕೆ ಇನ್ನು ನಾವಿಷ್ಟೇ ಬೀಜ, ಬೆಳೆಯಬೇಕೆಂದು ಆಸೆ, ನೀವು ಬೇರೆಡೆಗೆ ಹೋದರೆ ಬದುಕೇವು ಎಂದು ಬೇಡಿಕೊಳ್ಳುತ್ತವೆ. ಶಾಪವಿಲ್ಲ, ವಾದವಿಲ್ಲ. ಬೆಳಗಾದೊಡನೆ ಧರ್ಮರಾಜನು ತಮ್ಮಂದಿರನ್ನು ಕರೆದು, ಒಂದು ವರ್ಷ ಎಂಟು ತಿಂಗಳಿಂದ ನಾವು ಇವನ್ನೇ ತಿಂದು ಬಾಳಿದೆವೆಂದು ಲೆಕ್ಕ ಹೇಳಿದನು. ಯಾರೂ ಎದುರಾಡಲಿಲ್ಲ. ಬಿಡಾರವನ್ನು ಕಿತ್ತು ಕಾಮ್ಯಕವನದ ದಾರಿ ಹಿಡಿದರು.